ನಾಲ್ಕನೇ ಮಹಡಿಯಲ್ಲಿ ನಿಲ್ಲದ ಬುದ್ಧಿವಂತ ಲಿಫ್ಟು

ಹುಡುಗ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ದಿನವೇ ಕಟ್ಟಡದವರೆಲ್ಲ ಸೇರಿ ಅವನಿಗೆ 'ಇಂಜಿನಿಯರ್ರು' ಎಂದು ಪದವಿ ದಯಪಾಲಿಸಿಬಿಟ್ಟಿದ್ದರು. ಕಾಲೇಜಿನವರು ಮಾತ್ರ ಕೊನೆಯ ವರ್ಷ ಬಂದರೂ ಇನ್ನೂ ಯೋಚನೆ ಮಾಡುತ್ತಿದ್ದರು. ಐದು ಮಹಡಿಯ ಆ ಕಟ್ಟಡದಲ್ಲಿ ಯಾರ ಮನೆಯ ಫ್ಯಾನು ನಿಂತರೂ, ಯಾರ ಫೋನು ಬಿಸಿಯಾದರೂ ನಾಲ್ಕನೇ ಮಹಡಿಯ ಇಂಜಿನಿಯರ್ರಿಗೆ ಕರೆ ಬರುತ್ತಿತ್ತು. ಅವನು ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಯಂತ್ರವನ್ನು ಕೊಂಚ ಹೊತ್ತು ದಿಟ್ಟಿಸಿ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎನ್ನುತ್ತಿದ್ದ. ಅರ್ಧಕ್ಕರ್ಧ ಯಂತ್ರಗಳು ಈ ಮಾತಿಗೇ ಹೆದರಿ ಸರಿಹೋಗುತ್ತಿದ್ದವು. ಸರಿಹೋಗದವಕ್ಕೆ "ಇದು ಹಳೇ ಟೆಕ್ನಾಲಜಿ, ಬಿಸಾಕಿ" ಎಂದು ತೀರ್ಪು ಕೊಡುತ್ತಿದ್ದ. ಹೊಸ ತಂತ್ರಜ್ಞಾನದ ಬಗ್ಗೆ ಅವನಿಗೆ ಅಪಾರ ಗೌರವ. ಅದು ಎಂದೂ ಕೆಡುವುದಿಲ್ಲ, ಏಕೆಂದರೆ ಅದು ಇನ್ನೂ ಯಾರ ಮನೆಗೂ ಬಂದಿರುವುದಿಲ್ಲ.

ಇಂಥ ಇಂಜಿನಿಯರ್ರಿಗೆ ಗಂಟಲಲ್ಲಿ ಸಿಕ್ಕಿಕೊಂಡ ವಿಷಯವೆಂದರೆ ತಾಂತ್ರಿಕ ಬರವಣಿಗೆ. ಗಣಿತವನ್ನು ಹೇಗೋ ಏದುಸಿರು ಬಿಡುತ್ತ ದಾಟಿದ್ದ. ವಿದ್ಯುತ್ತು, ಯಂತ್ರಶಾಸ್ತ್ರಗಳೂ ಕರುಣೆ ತೋರಿದ್ದವು. ಇದೊಂದರಲ್ಲಿ ಮಾತ್ರ ಫೇಲಾದ, ಮತ್ತೆ ಕಟ್ಟಿದ, ಮತ್ತೆ ಫೇಲಾದ. ನೀರೆತ್ತುವ ಪಂಪೊಂದರ ಚಿತ್ರ ಕೊಟ್ಟು ಅದರ ಸ್ಥಿತಿಯನ್ನು ವಿವರಿಸಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದರು. ಇವನು "ಪಂಪು ಕೆಟ್ಟಿದೆ" ಎಂದು ಬರೆದು, ಉಳಿದ ಸಮಯದಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದ.

ಆ ವಿಷಯ ಕಲಿಸುವ ಮೇಷ್ಟ್ರು ಅವನನ್ನು ಕೋಣೆಗೆ ಕರೆಸಿ, ಉತ್ತರಪತ್ರಿಕೆಯನ್ನು ಸತ್ತ ಜಿರಳೆಯ ಹಾಗೆ ಎರಡೇ ಬೆರಳಲ್ಲಿ ಎತ್ತಿ ಹಿಡಿದರು.

"ಏನಪ್ಪಾ ಇದು?"

"ಉತ್ತರ ಸರ್."

"ಇದು ಉತ್ತರ ಅಲ್ಲ, ಪಕ್ಕದ ಮನೆಯೋರ ದೂರು. ಓದಿದ ತಕ್ಷಣ ಅರ್ಥ ಆಗ್ಬಿಡ್ತು! ಓದಿದ ತಕ್ಷಣ ಅರ್ಥ ಆಗೋಕೆ ನೀನು ನಾಲ್ಕು ವರ್ಷ ಇಲ್ಲಿ ಓದ್ಬೇಕಾ?"

"ಪಂಪು ಕೆಟ್ಟಿತ್ತು ಸರ್."

"ಪಂಪು ಕೆಡಲ್ಲ. ಯಾವ ಯಂತ್ರವೂ ಕೆಡಲ್ಲ. ಅದರ ಕಾರ್ಯನಿರ್ವಹಣೆಯು ಬಳಕೆದಾರರ ನಿರೀಕ್ಷೆಗಿಂತ ಭಿನ್ನವಾಗಿರುತ್ತೆ, ಅಷ್ಟೇ. ಕೆಟ್ಟಿದೆ ಅಂತ ಒಪ್ಕೊಂಡೋನು ಇವತ್ತಿನವರೆಗೂ ಎಲ್ಲಾದ್ರೂ ಒಂದು ಯಂತ್ರ ಮಾರಿದ್ದು ನೋಡಿದೀಯಾ?"

ಇಂಜಿನಿಯರ್ರು ನೋಡಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ಕೊನೆಯ ಅವಕಾಶ ಕೊಟ್ಟರು. ಅವನು ದಿನವೂ ಬಳಸುವ ಯಾವುದಾದರೂ ಒಂದು ಯಂತ್ರಕ್ಕೆ, ಉದಯೋನ್ಮುಖ ತಂತ್ರಜ್ಞಾನದ ದೃಷ್ಟಿಯಿಂದ, ಒಂದು ಕೈಪಿಡಿ ಬರೆಯಬೇಕು. ಅದನ್ನು ಆ ಯಂತ್ರದ ಪಕ್ಕದಲ್ಲೇ ಅಂಟಿಸಬೇಕು. ಬಳಸುವವರು ಓದಬೇಕು. ಆ ಜಾಗದ ಜವಾಬ್ದಾರಿ ಹೊತ್ತವರು ಸಹಿ ಹಾಕಿ ಮೊಹರು ಒತ್ತಿರಬೇಕು. ಆಮೇಲೆ ಮೇಷ್ಟ್ರೇ ಖುದ್ದಾಗಿ ಬಂದು ನೋಡಿ ಅಂಕ ಕೊಡುತ್ತಾರೆ. ಇದರಲ್ಲೂ ಎಡವಿದರೆ ಇನ್ನೊಂದು ವರ್ಷ ಅದೇ ಬೆಂಚು, ಅದೇ ಕಿಟಕಿ.

ಮನೆಯಲ್ಲಿದ್ದ ಅತ್ಯಾಧುನಿಕ ಯಂತ್ರವೆಂದರೆ ಅಮ್ಮನ ಇಸ್ತ್ರಿಪೆಟ್ಟಿಗೆ. ಅದಕ್ಕೆ ಮೊಹರು ಒತ್ತುವವರು ಯಾರು? ಹೀಗೆ ಯೋಚಿಸುತ್ತ ಬಂದವನ ಕಣ್ಣಿಗೆ ಬಿದ್ದದ್ದು ಕಟ್ಟಡದ ಲಿಫ್ಟು.

ಲಿಫ್ಟಿಗೆ ಆ ಹೊತ್ತಿಗೆ ಮೈತುಂಬ ಕಾಯಿಲೆ. ಬಾಗಿಲು ಅರ್ಧ ಮುಚ್ಚಿ, ಏನೋ ಮರೆತುಬಂದವರ ಹಾಗೆ ಮತ್ತೆ ತೆರೆದುಕೊಂಡು, ಆಮೇಲೆ ಮುಚ್ಚುತ್ತಿತ್ತು. ಯಾರೂ ಕರೆಯದಿದ್ದರೂ ಎರಡನೇ ಮಹಡಿಯಲ್ಲಿ ನಿಲ್ಲುತ್ತಿತ್ತು. ಕರೆದು ಕರೆದು ಸಾಕಾದರೂ ನಾಲ್ಕನೇ ಮಹಡಿಯಲ್ಲಿ ನಿಲ್ಲುತ್ತಿರಲಿಲ್ಲ; ನಾಲ್ಕು ಎಂದು ಒತ್ತಿದವರನ್ನು ಸೀದಾ ಐದಕ್ಕೆ ಒಯ್ದು ಇಳಿಸುತ್ತಿತ್ತು. ಬೇರೆಯವರಿಗೆ ಇದೆಲ್ಲ ಒಂದು ತಮಾಷೆ. ಇಂಜಿನಿಯರ್ರ ಅಜ್ಜಿಗೆ ತಮಾಷೆಯಾಗಿರಲಿಲ್ಲ. ಅವಳ ಮಂಡಿ ಒಂದು ಮಹಡಿಯ ಮೆಟ್ಟಿಲಿಗೂ ಒಪ್ಪುತ್ತಿರಲಿಲ್ಲ. ಹೀಗಾಗಿ ತಿಂಗಳುಗಟ್ಟಲೆ ಅವಳು ನೆಲ ಮುಟ್ಟಿರಲಿಲ್ಲ. ಕೆಳಗೆ ನೆಲಮಹಡಿಯಲ್ಲಿ ಅವಳಷ್ಟೇ ಮಂಡಿನೋವಿನ, ಅವಳ ಓರಗೆಯ ಗೆಳತಿಯ ಮನೆ, ಮನೆಯ ಮುಂದೊಂದು ಕಲ್ಲುಬೆಂಚು. ಮೊದಲೆಲ್ಲ ಸಂಜೆಯಾದರೆ ಇಬ್ಬರೂ ಆ ಬೆಂಚಿನ ಮೇಲೆ ತಲೆಗೆ ತಲೆ ತಾಗಿಸಿ ಕೂರುತ್ತಿದ್ದರು. ಈಗ ಒಬ್ಬಳು ಕಿಟಕಿಯಿಂದ ಕೆಳಗೆ, ಇನ್ನೊಬ್ಬಳು ಬೆಂಚಿನಿಂದ ಮೇಲಕ್ಕೆ, ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ ಕೂಗಿ ಕ್ಷೇಮ ವಿಚಾರಿಸಿಕೊಳ್ಳುತ್ತಿದ್ದರು.

"ಕೂಗಿ ಆಡೋ ಮಾತೇ ಬೇರೆ, ಕೂತು ಆಡೋ ಮಾತೇ ಬೇರೆ ಕಣೋ," ಎಂದು ಅಜ್ಜಿ ಮೊಮ್ಮಗನ ಮುಂದೆ ಗೋಳು ಹೇಳಿಕೊಂಡಳು. "ಮಂಡಿ ಹೇಗಿದೆ, ಹಾಲು ಬಂತಾ, ಅಂತೆಲ್ಲ ಕೂಗಬಹುದು. ನಿಮ್ಮಮ್ಮನ ವಿಷಯ ಕೂಗೋಕಾಗುತ್ತಾ?"

"ನಂಗೆ ಕೇಳಿಸ್ತಿದೆ ಅತ್ತೆ," ಎಂದಳು ಅಮ್ಮ ಅಡುಗೆಮನೆಯಿಂದ.

"ನೋಡಿದ್ಯಾ? ಮನೇಲೂ ಆಗಲ್ಲ."

ಅಜ್ಜಿಗಿದ್ದ ಒಂದೇ ಸಮಾಧಾನವೆಂದರೆ ಲಿಫ್ಟು ರಿಪೇರಿಗೆ ಮೆಕ್ಯಾನಿಕ್ ಮುಂದಿನ ವಾರ ಬರುತ್ತಾನೆ ಎಂಬುದು. ಹೇಗೂ ರಿಪೇರಿಯಾಗುವ ಲಿಫ್ಟು, ಅಷ್ಟರೊಳಗೆ ನನ್ನ ಕೆಲಸ ಮುಗಿಸಿಕೊಂಡರೆ ಯಾರಿಗೇನು ನಷ್ಟ ಎಂದುಕೊಂಡ ಇಂಜಿನಿಯರ್ರು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕುಳಿತರು. 'ಕೆಟ್ಟಿದೆ' ಎಂಬ ಪದವನ್ನು ಮನಸ್ಸಿನಿಂದ ಓಡಿಸಿದ ಮೇಲೆ ಬರವಣಿಗೆ ಎಷ್ಟು ಸಲೀಸೆಂದು ಅವನಿಗೇ ಆಶ್ಚರ್ಯವಾಯಿತು. ಪೆನ್ನು ತಾನೇ ಓಡಿತು.

ಕೈಪಿಡಿಯ ತಲೆಬರಹ 'ಸ್ವಯಂಪ್ರಜ್ಞ ಲಂಬ ಸಾರಿಗೆ ವ್ಯವಸ್ಥೆ'. ಒಳಗೆ ಹೀಗಿತ್ತು: "ಕವಾಟವು ಅರ್ಧ ಮುಚ್ಚಿ ಪುನಃ ತೆರೆದುಕೊಳ್ಳುವ ಕ್ರಿಯೆಯು, ಬಳಕೆದಾರರ ಪ್ರಯಾಣೋದ್ದೇಶವನ್ನು ಕೃತಕ ಬುದ್ಧಿಮತ್ತೆಯ ಮೂಲಕ ಮರುಪರಿಶೀಲಿಸುವ ಹಂತವಾಗಿರುತ್ತದೆ. ದ್ವಿತೀಯ ಮಹಡಿಯಲ್ಲಿನ ಅಯಾಚಿತ ನಿಲುಗಡೆಯು ದತ್ತಾಂಶಾಧಾರಿತ ಬೇಡಿಕೆ ಮುನ್ಸೂಚನೆಯ ಫಲವಾಗಿರುತ್ತದೆ. ಚತುರ್ಥ ಮಹಡಿಯಲ್ಲಿ ನಿಲುಗಡೆಯನ್ನು ವರ್ಜಿಸುವ ಮೂಲಕ ವ್ಯವಸ್ಥೆಯು ಇಂಧನದ ಮಿತವ್ಯಯವನ್ನೂ, ಸದರಿ ಮಹಡಿಯ ನಿವಾಸಿಗಳ ಸ್ನಾಯುಸಾಮರ್ಥ್ಯದ ಅಭಿವೃದ್ಧಿಯನ್ನೂ ಏಕಕಾಲದಲ್ಲಿ ಸಾಧಿಸುತ್ತದೆ."

ಬರೆದು ಮುಗಿಸಿ ಓದಿಕೊಂಡಾಗ ತಾನೇ ಬರೆದದ್ದು ತನಗೇ ಸರಿಯಾಗಿ ಅರ್ಥವಾಗಲಿಲ್ಲ. ಪಾಸಾದೆ ಎಂದು ಖಾತ್ರಿಯಾಯಿತು.

ಇನ್ನು ಮೊಹರು. ಕಟ್ಟಡದ ಸಂಘದ ಅಧ್ಯಕ್ಷರು ನೆಲಮಹಡಿಯಲ್ಲಿದ್ದರು. ಜೀವಮಾನವಿಡೀ ಯಾವುದೋ ಕಚೇರಿಯಲ್ಲಿ ಕಾಗದಗಳ ಮೇಲೆ ಮೊಹರು ಒತ್ತಿ, ನಿವೃತ್ತರಾದ ಮೇಲೆ ಬಲಗೈಗೆ ಕೆಲಸವಿಲ್ಲದೆ ಸೊರಗಿದ್ದರು. ಅವರ ಹಟಕ್ಕೆ ಸಂಘದವರು ಮೊನ್ನೆಯಷ್ಟೇ ಒಂದು ದುಂಡು ಮೊಹರು ಮಾಡಿಸಿಕೊಟ್ಟಿದ್ದರು. ಮೊಹರು ಬಂದಿತ್ತು, ಕಾಗದ ಬಂದಿರಲಿಲ್ಲ. ಇಂಜಿನಿಯರ್ರು ಕಾಗದ ಹಿಡಿದು ಬಾಗಿಲಲ್ಲಿ ನಿಂತಾಗ ಅಧ್ಯಕ್ಷರ ಮುಖ ಅರಳಿದ್ದನ್ನು ಏನೆಂದು ಹೇಳೋಣ.

"ಓದಿ ನೋಡ್ತೀರಾ ಸರ್?"

"ಸೇವೆಯಲ್ಲಿ ಇದ್ದಷ್ಟು ದಿನ ಓದಿ ಮೊಹರು ಒತ್ತಿದೋನಲ್ಲ ನಾನು. ಈಗ ಆ ಚಟ ಯಾಕೆ?" ಎಂದವರೇ ಧಡ್ ಎಂದು ಒತ್ತಿದರು. ಖುಷಿ ತಡೆಯಲಾರದೆ ಹಾಳೆಯ ಇನ್ನೊಂದು ಮೂಲೆಗೂ ಒತ್ತಿದರು. ಆಮೇಲೆ ತಾವೇ ಎದ್ದು ಬಂದು, ಲಿಫ್ಟಿನೊಳಗೆ ನಾಲ್ಕೂ ಮೂಲೆಗೆ ಅಂಟು ಹಚ್ಚಿ ಅಂಟಿಸಿದರು.

ಇಲ್ಲೇ ಎಡವಟ್ಟಾಯಿತು. ಆ ಕಟ್ಟಡದಲ್ಲಿ ಮೊಹರಿಲ್ಲದ ಕಾಗದವನ್ನು ಯಾರೂ ಓದುತ್ತಿರಲಿಲ್ಲ, ಮೊಹರಿದ್ದ ಕಾಗದವನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಇವನ ಪಾಲಿಗೆ ಅದು ಹೋಮ್‌ವರ್ಕು. ಎರಡೆರಡು ಮೊಹರು ಬಿದ್ದ ಮೇಲೆ ಕಟ್ಟಡದ ಪಾಲಿಗೆ ಅದು ಸಂಘದ ಅಧಿಕೃತ ಪ್ರಕಟಣೆ. ಸಂಜೆಯೊಳಗೆ ಸುದ್ದಿ ಎಲ್ಲ ಮಹಡಿ ಹತ್ತಿತು: ನಮ್ಮ ಲಿಫ್ಟಿಗೆ ಬುದ್ಧಿ ಬಂದಿದೆ!

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಎರಡನೇ ಮಹಡಿಯ ವಕೀಲರು. ಇಷ್ಟು ದಿನ ತಮ್ಮ ಬಾಗಿಲ ಮುಂದೆ ಲಿಫ್ಟು ಸುಮ್ಮಸುಮ್ಮನೆ ನಿಲ್ಲುತ್ತದೆಂದು ಗೊಣಗುತ್ತಿದ್ದವರು ಈಗ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ವಿವರಿಸತೊಡಗಿದರು.

"ಬೇಡಿಕೆ ಮುನ್ಸೂಚನೆ ರೀ! ಯಾವ ಮಹಡಿಯಲ್ಲಿ ಮುಖ್ಯವಾದೋರು ಇದಾರೆ ಅಂತ ಅದೇ ಲೆಕ್ಕ ಹಾಕುತ್ತೆ. ಹಾಕಿ, ಬಂದು ನಿಲ್ಲುತ್ತೆ. ನಾನೇನು ಬಾ ಅಂತ ಕರೆದಿದ್ನಾ?"

"ನಾನಂತೂ ಬೆಳಿಗ್ಗೆ ಎಲ್ಲಿಗೂ ಹೊರಟಿರ್ಲಿಲ್ಲ," ಎಂದರು ಅವರ ಹೆಂಡತಿ. "ಬಾಗಿಲು ತೆಗೆದು ಕಾಯ್ತಾ ನಿಂತಿತ್ತು. ಪಾಪ, ಬೇಜಾರು ಮಾಡ್ಕೊಂಡೀತು ಅಂತ ಹತ್ತಿ ಕೆಳಗೆ ಹೋಗಿ ವಾಪಸ್ ಬಂದೆ."

ಐದನೇ ಮಹಡಿಯಲ್ಲಿ ಒಬ್ಬ ವಿಮಾ ಏಜೆಂಟರಿದ್ದರು. ನಾಲ್ಕನೇ ಮಹಡಿಗೆ ಬಂದ ನೆಂಟರಿಷ್ಟರು, ಕೊರಿಯರ್‌ನವರು, ದಾರಿ ತಪ್ಪಿದವರು ಎಲ್ಲರೂ ಲಿಫ್ಟಿನ ದಯೆಯಿಂದ ಅವರ ಬಾಗಿಲಿಗೇ ಬಂದು ಬೀಳುತ್ತಿದ್ದರು. ಬಿದ್ದವರನ್ನು ಅವರು ಒಳಗೆ ಕರೆದು, ಟೀ ಕೊಟ್ಟು, ಪಾಲಿಸಿ ಮಾಡಿಸಿ ಕಳಿಸುತ್ತಿದ್ದರು. "ಇಂಥ ಲಿಫ್ಟು ಎಲ್ಲ ಕಟ್ಟಡಕ್ಕೂ ಬೇಕು" ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಉಳಿದವರು ನಡೆನುಡಿ ತಿದ್ದಿಕೊಂಡರು. ಬಾಗಿಲು ಅರ್ಧ ಮುಚ್ಚಿ ತೆರೆದುಕೊಂಡಾಗ, ಅದು ತಮ್ಮ ಉದ್ದೇಶವನ್ನು ಮರುಪರಿಶೀಲಿಸುತ್ತಿದೆ ಎಂದು ಎದೆ ಢವಢವ ಎನ್ನುತ್ತಿತ್ತು. ಮೂರನೇ ಮಹಡಿಯ ಗೃಹಸ್ಥರೊಬ್ಬರು ಆಫೀಸಿಗೆ ಚಕ್ಕರ್ ಹೊಡೆದು ಸಿನಿಮಾಕ್ಕೆ ಹೊರಟಿದ್ದವರು, ಬಾಗಿಲು ಮರುಪರಿಶೀಲಿಸಿದ ರಭಸಕ್ಕೆ ಹೆದರಿ ಆಫೀಸಿಗೇ ಹೋದರು. ಹೀಗೆ ಆ ಲಿಫ್ಟು ಕಾರಣವಾಗಿ ಒಂದು ವಾರ ಕಟ್ಟಡದ ಜನ ತಕ್ಕಮಟ್ಟಿಗೆ ಸಭ್ಯರಾಗಿದ್ದರು.

ಇಂಜಿನಿಯರ್ರಿಗೂ ಮೊದಮೊದಲು ತಲೆ ಮೋಡದಲ್ಲೇ ಇತ್ತು. ಎದುರಾದವರೆಲ್ಲ ಬಗ್ಗಿ ಮಾತಾಡಿಸುವಾಗ ಸುಳ್ಳೆಂದು ಹೇಳುವುದು ಹೇಗೆ? ಹೇಳಲಿಲ್ಲ. "ಇನ್ನೂ ಸುಧಾರಣೆ ಬಾಕಿ ಇದೆ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಮನೆಗೆ ಬಂದ. ಮನೆಯಲ್ಲಿ ಅಜ್ಜಿ ಕಿಟಕಿಯ ಪಕ್ಕ ಮುಖ ಊದಿಸಿಕೊಂಡು ಕುಳಿತಿದ್ದಳು. ರಿಪೇರಿ ದಿನ ಬಂದು ಹೋಗಿತ್ತು, ಮೆಕ್ಯಾನಿಕ್ ಬಂದಿರಲಿಲ್ಲ.

"ಬರಬೇಡ ಅಂತ ಅಧ್ಯಕ್ಷರು ಫೋನ್ ಮಾಡಿದರಂತೆ," ಎಂದಳು ಅಜ್ಜಿ. "ಕೆಳಗಿನಿಂದ ಅವಳು ಕೂಗಿ ಹೇಳಿದಳು. ಲಿಫ್ಟು ಕೆಟ್ಟಿಲ್ಲವಂತೆ, ಅದು ಇರೋದೇ ಹಾಗಂತೆ. ನನ್ನ ಸ್ನಾಯು ಬೆಳೆಸ್ತಿದೆಯಂತೆ. ಯಾರೋ ತಲೆಕೆಟ್ಟೋನು ಬರೆದು ಅಂಟಿಸಿದಾನಂತಲ್ಲ, ಯಾರೋ ಅದು?"

ಇಂಜಿನಿಯರ್ರು ಚಪ್ಪಲಿ ಬಿಚ್ಚುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದರು. ಅಜ್ಜಿ ಪೆದ್ದಿಯಲ್ಲ.

"ನೀನಾ?"

"ಮಾರ್ಕ್ಸಿಗೆ ಅಜ್ಜಿ..."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಿಟಕಿಯ ಬಾಗಿಲು ಎಳೆದುಕೊಂಡು, "ಇನ್ನು ಕೂಗೋಕೂ ನಂಗೆ ಗಂಟಲಿಲ್ಲ ಬಿಡು" ಎಂದಳು. ಕೆಳಗಿನಿಂದ ಗೆಳತಿ ಎರಡು ಸಲ ಕರೆದರೂ ಓಗೊಡಲಿಲ್ಲ. ಹುಡುಗ ತಾನು ಮಾಡಿದ್ದು ತಪ್ಪೆಂದು ಗೊತ್ತಾಗಿ, ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಅಧ್ಯಕ್ಷರ ಮನೆಗೆ ಓಡಿದ.

"ಸರ್, ಅದೆಲ್ಲ ಸುಳ್ಳು. ಲಿಫ್ಟಿಗೆ ಯಾವ ಬುದ್ಧಿಯೂ ಇಲ್ಲ. ಅದು ಕೆಟ್ಟಿದೆ."

ಅಧ್ಯಕ್ಷರು ಕನಿಕರದಿಂದ ನಕ್ಕರು. "ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಹೀಗೇ ಸಂಕೋಚದೋರು."

"ಸಂಕೋಚ ಅಲ್ಲ ಸರ್, ನಾನು ಪಾಸಾಗೋಕೆ ಬರೆದ ಸುಳ್ಳು ಅದು!"

"ನೋಡಪ್ಪಾ," ಅಧ್ಯಕ್ಷರ ದನಿ ಗಡುಸಾಯಿತು, "ನನ್ನ ಮೊಹರು ಇವತ್ತಿನವರೆಗೂ ಸುಳ್ಳಿನ ಮೇಲೆ ಬಿದ್ದಿಲ್ಲ. ಬಿದ್ದ ಮೇಲೆ ಅದು ಸುಳ್ಳಾಗಿ ಉಳಿಯೋದೂ ಇಲ್ಲ. ಬುದ್ಧಿವಂತ ಲಿಫ್ಟು ಇದೆ ಅಂತ ನಾನು ಆಗಲೇ ಲಿಫ್ಟು ತಪಾಸಣೆ ಕಚೇರಿಗೆ ಪತ್ರ ಬರೆದಾಗಿದೆ. ಅಧಿಕಾರಿಗಳು ನೋಡೋಕೆ ಬರ್ತಿದಾರೆ. ನೀನು ಹೋಗಿ ತಲೆ ಬಾಚ್ಕೋ."

ಬೇರೆ ದಾರಿ ಕಾಣದೆ ಇಂಜಿನಿಯರ್ರು ಒಂದು ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ "ಲಿಫ್ಟು ಕೆಟ್ಟಿದೆ. ರಿಪೇರಿ ಮಾಡಿಸಿ" ಎಂದು ಬರೆದು ಕೈಪಿಡಿಯ ಪಕ್ಕದಲ್ಲೇ ಅಂಟಿಸಿದರು. ವಕೀಲರು ಅದನ್ನು ಕಿತ್ತು ಹಿಡಿದುಕೊಂಡು ಮಹಡಿ ಮಹಡಿಗೂ ತೋರಿಸಿದರು. "ಯಾರೋ ಓದುಬರಹ ಇಲ್ಲದೋರು ಬರೆದಿರೋದು. ಮೊಹರಿಲ್ಲ, ತಲೆಬರಹ ಇಲ್ಲ, ಒಂದೇ ಒಂದು ಕಷ್ಟದ ಪದ ಇಲ್ಲ. ಇಂಜಿನಿಯರ್ರು ಇರೋ ಕಟ್ಟಡದಲ್ಲಿ ಇಂಥಾದ್ದು!" ಎಂದು ಇಂಜಿನಿಯರ್ರ ಎದುರೇ ಮರುಗಿದರು.

ಕೊನೆಗೆ ಅವನು ಮೆಕ್ಯಾನಿಕ್ಕನ ಅಂಗಡಿಯನ್ನೇ ಹುಡುಕಿಕೊಂಡು ಹೋದ. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋಗಿ, ಅಧ್ಯಕ್ಷರು ಉಂಡು ಮಲಗಿದ ಹೊತ್ತಿನಲ್ಲಿ ಅವನನ್ನು ಕರೆತಂದ. ಮೆಕ್ಯಾನಿಕ್ ಚೀಲ ಇಳಿಸಿ ಕೆಲಸ ಶುರುಮಾಡುವವನೇ ಇದ್ದ. ಅಷ್ಟರಲ್ಲಿ ಗೋಡೆಯ ಮೇಲಿನ ಕೈಪಿಡಿ ಕಣ್ಣಿಗೆ ಬಿದ್ದು, ಓದಿ, ಸ್ಕ್ರೂಡ್ರೈವರನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡ.

"ಇದು ನಾನು ನೋಡಿರೋ ಲಿಫ್ಟು ಅಲ್ಲ ಸಾರ್. ನನಗೆ ಹೆಂಡತಿ ಮಕ್ಕಳು ಇದಾರೆ."

"ಅಯ್ಯೋ, ಅದೇ ಲಿಫ್ಟು ಮಾರಾಯ. ಹೋದ ವರ್ಷ ನೀನೇ ಎಣ್ಣೆ ಬಿಟ್ಟಿದ್ದೆ."

"ಆಗ ಅದಕ್ಕೆ ಪ್ರಜ್ಞೆ ಇರ್ಲಿಲ್ವಲ್ಲ."

ಅರ್ಧ ಗಂಟೆ ಅಂಗಲಾಚಿ, ಎಲ್ಲದಕ್ಕೂ ನಾನೇ ಹೊಣೆ ಎಂದು ಮೂರು ಸಲ ಹೇಳಿದ ಮೇಲೆ ಅವನು ಧೈರ್ಯ ತಂದುಕೊಂಡ. ಬಾಗಿಲು ಓಡುವ ಸಂದಿಯ ಕಸ ಕೆರೆದು ತೆಗೆದ. ಎರಡನೇ ಮಹಡಿಯ ಗುಂಡಿ ಒಳಗೇ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಿದ. ನಾಲ್ಕನೇ ಮಹಡಿಯಲ್ಲಿ ಲಿಫ್ಟನ್ನು ನಿಲ್ಲಿಸುವ ಸ್ವಿಚ್ಚು ಸಡಿಲವಾಗಿ ಜೋತುಬಿದ್ದಿತ್ತು, ಅದನ್ನು ಬಿಗಿ ಮಾಡಿದ. ಒಂದೊಂದು ಸ್ಕ್ರೂ ಮುಟ್ಟುವ ಮುಂಚೆಯೂ ಲಿಫ್ಟಿಗೆ "ತಪ್ಪು ತಿಳ್ಕೋಬೇಡಪ್ಪಾ" ಎನ್ನುತ್ತಿದ್ದ. ಲಿಫ್ಟು ತಪ್ಪು ತಿಳಿಯಲಿಲ್ಲ. ನಾಲ್ಕು ಒತ್ತಿದರೆ ನಾಲ್ಕಕ್ಕೇ ಬಂದು ನಿಂತಿತು.

ಅಜ್ಜಿಗೆ ಹೇಳೋಣವೆಂದು ಒಳಗೆ ಹೋದರೆ ಅವಳು ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಸಂಜೆ ಎಬ್ಬಿಸಿ ಕರೆದೊಯ್ದರಾಯಿತು ಎಂದುಕೊಂಡ. ಆದರೆ ಸಂಜೆಗೆ ಮೊದಲೇ ಕಟ್ಟಡದಲ್ಲಿ ದಂಗೆ ಎದ್ದಿತು.

"ಲಿಫ್ಟು ಹಾಳಾಗಿದೆ!" ಎಂದು ಮೊದಲು ಕೂಗಿದವರು ವಿಮಾ ಏಜೆಂಟರು. ಆ ದಿನ ಇಡೀ ಮಧ್ಯಾಹ್ನ ಅವರ ಬಾಗಿಲಿಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. "ನಾಲ್ಕು ಒತ್ತಿದೋರು ನಾಲ್ಕಕ್ಕೇ ಹೋಗ್ತಿದಾರೆ ರೀ! ಇದಕ್ಕೆ ಏನಾಗಿದೆ?"

"ನಮ್ಮ ಮಹಡಿಯಲ್ಲಿ ನಿಲ್ಲದೇ ಮುಂದೆ ಹೋಯ್ತು," ಎಂದು ವಕೀಲರು ಗದ್ಗದಿತರಾದರು. "ಕರೆಯೋವರೆಗೂ ಬರಲಿಲ್ಲ. ಕರೆದ ಮೇಲೆ ಬರೋದಕ್ಕೆ ಬುದ್ಧಿ ಬೇಕಾ? ಅದನ್ನ ಯಾವ ಲಿಫ್ಟು ಬೇಕಾದ್ರೂ ಮಾಡುತ್ತೆ!"

"ಬಾಗಿಲು ಒಂದೇ ಸಲಕ್ಕೆ ಮುಚ್ಚಿಕೊಳ್ತು. ನನ್ನ ಉದ್ದೇಶ ಏನು ಅಂತ ಕೇಳಲೇ ಇಲ್ಲ," ಎಂದರು ಮೂರನೇ ಮಹಡಿಯ ಗೃಹಸ್ಥರು. ಅವರ ದನಿಯಲ್ಲೂ, ಯಾಕೋ, ನೋವಿತ್ತು.

ಅಧ್ಯಕ್ಷರು ತುರ್ತಾಗಿ ಸಭೆ ಕರೆದರು. ಮಾರನೆಯ ಬೆಳಿಗ್ಗೆಯೇ ಅಧಿಕಾರಿಗಳು ಬರುವವರಿದ್ದರು. ಪ್ರಕಟಣೆಯಲ್ಲಿ ಇದ್ದದ್ದು ಒಂದು, ಲಿಫ್ಟು ಮಾಡುತ್ತಿದ್ದದ್ದು ಇನ್ನೊಂದು. ಮೊಹರನ್ನು ಬದಲಾಯಿಸುವ ಹಾಗಿಲ್ಲ, ಆದ್ದರಿಂದ ಲಿಫ್ಟನ್ನೇ ಬದಲಾಯಿಸಬೇಕೆಂದು ತೀರ್ಮಾನವಾಯಿತು. ಮೆಕ್ಯಾನಿಕ್ಕನಿಗೆ ಫೋನು ಹೋಯಿತು: ಬೆಳಿಗ್ಗೆ ಬಂದು, ಮೊದಲು ಹೇಗಿತ್ತೋ ಹಾಗೆ ಮಾಡು. ಅಲ್ಲಿಯವರೆಗೆ ಯಾರೂ ಹತ್ತಬಾರದೆಂದು ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿದರು.

ಬೆಳಿಗ್ಗೆ ನಾಲ್ಕನೇ ಮಹಡಿಯ ಲಿಫ್ಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸಡಿಲ ಮಾಡಬೇಕಾದ ಸ್ವಿಚ್ಚು ಅಲ್ಲೇ ಇದ್ದದ್ದರಿಂದ ಎಲ್ಲರೂ ಅಲ್ಲೇ ಸೇರಿದ್ದರು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಅಪ್ಪಣೆಗೆ ಕಾಯುತ್ತಿದ್ದ. ಮನೆಯ ಬಾಗಿಲಲ್ಲಿ ಅಮ್ಮ. ಅಮ್ಮನ ಪಕ್ಕದಲ್ಲಿ, ರಿಪೇರಿಯ ಸುದ್ದಿ ತಿಳಿದು ಬೆಳಿಗ್ಗೆಯೇ ತಲೆ ಬಾಚಿ ಚಪ್ಪಲಿ ಮೆಟ್ಟಿ ತಯಾರಾಗಿದ್ದ ಅಜ್ಜಿ. ಅಧಿಕಾರಿಗಳು ಅಷ್ಟು ಬೇಗ ಬರುವುದಿಲ್ಲ ಎಂದು ಅಧ್ಯಕ್ಷರು ನಂಬಿದ್ದರು. ಆದರೆ ಅಧಿಕಾರಿಗಳು ಅಂದು ಮೊದಲ ಬಾರಿಗೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಸಾಲದ್ದಕ್ಕೆ ಅವರ ಬೆನ್ನ ಹಿಂದೆ ಅಂಕಪಟ್ಟಿ ಹಿಡಿದು ಮೇಷ್ಟ್ರೂ ಮೆಟ್ಟಿಲು ಹತ್ತಿ ಬಂದರು.

ತಪಾಸಣಾಧಿಕಾರಿ ದಪ್ಪನೆಯ ಮನುಷ್ಯ. ಏದುಸಿರು ಇಳಿದ ಮೇಲೆ, "ಲಿಫ್ಟಿನಲ್ಲಿ ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದು ಕೇಳಿದರು. ಅಧ್ಯಕ್ಷರು ಹಗ್ಗಕ್ಕೆ ಅಡ್ಡಲಾಗಿ ಬಂದು ನಿಂತರು. "ಇರ್ಲಿ. ಇದಕ್ಕೆ ಬುದ್ಧಿ ಇದೆಯೋ ಇಲ್ವೋ ಅಷ್ಟು ಹೇಳಿ. ಇದ್ರೆ ಬರೆಯೋಕೆ ನನ್ನ ಫಾರಂನಲ್ಲಿ ಕಾಲಂ ಇಲ್ಲ. ಇಲ್ಲದಿದ್ರೆ ಅಧ್ಯಕ್ಷರು ಸುಳ್ಳು ಪತ್ರ ಬರೆದಿದಾರೆ ಅಂತ ಬರೆಯೋಕೆ ಕಾಲಂ ಇದೆ."

ಅಧ್ಯಕ್ಷರು ಮೆಕ್ಯಾನಿಕ್ಕನ ಕಡೆ ತಿರುಗಿ, "ಬಿಚ್ಚೋ ಬೇಗ!" ಎಂದು ಪಿಸುಗುಟ್ಟಿದರು. ಸ್ಕ್ರೂಡ್ರೈವರ್ ಸ್ವಿಚ್ಚಿಗೆ ತಾಗಿತು. ಅಜ್ಜಿ ಒಂದು ಕಾಲಿನ ಚಪ್ಪಲಿಯನ್ನು ಮೆಲ್ಲಗೆ ಬಿಚ್ಚಿಟ್ಟಳು. ಅದನ್ನು ನೋಡಿದ ಇಂಜಿನಿಯರ್ರಿಗೆ ಎಲ್ಲಿಂದ ಬಂತೋ ಆವೇಶ, "ನಿಲ್ಲಿ!" ಎಂದು ಕೂಗಿದರು. ಎಲ್ಲರೂ ತಿರುಗಿದರು. ಕೆಟ್ಟಿತ್ತು, ಸರಿ ಮಾಡಿಸಿದೆ ಎಂದರೆ ಇವರು ನಂಬುವವರಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದೆಯುಬ್ಬಿಸಿ, ಮೇಷ್ಟ್ರ ಕಡೆ ನೋಡದೆ, ಶುರುಮಾಡಿದ.

"ಸನ್ಮಾನ್ಯರೇ! ತಾವು ಕಾಣುತ್ತಿರುವುದು ಸದರಿ ವ್ಯವಸ್ಥೆಯ ದ್ವಿತೀಯ ಆವೃತ್ತಿ. ಪ್ರಥಮ ಆವೃತ್ತಿಯಲ್ಲಿ ಬಳಕೆದಾರರ ಇಚ್ಛೆಗೂ ವ್ಯವಸ್ಥೆಯ ಇಚ್ಛೆಗೂ ನಡುವೆ ಒಂದು ಸಮಾಲೋಚನಾತ್ಮಕ ಅಂತರವನ್ನು ಕಾಯ್ದುಕೊಳ್ಳಲಾಗಿತ್ತು. ಪ್ರಸ್ತುತ ಆವೃತ್ತಿಯಲ್ಲಿ ಸದರಿ ಅಂತರವನ್ನು ಶೂನ್ಯಾಭಿಮುಖಗೊಳಿಸಲಾಗಿದೆ. ಅಂದರೆ, ಗುಂಡಿಯ ಮೂಲಕ ಸೂಚಿತವಾದ ಗಮ್ಯವನ್ನು ವ್ಯವಸ್ಥೆಯು ನಿರ್ವಿಕಲ್ಪವಾಗಿ ಅಂಗೀಕರಿಸಿ, ಊರ್ಧ್ವಾಧೋಮುಖ ಚಲನೆಯನ್ನು ಕೈಗೊಂಡು, ತದ್‌ಗಮ್ಯದಲ್ಲಿಯೇ ಗತಿಸ್ತಂಭನವನ್ನು ಸಾಧಿಸಿ, ಪ್ರಯಾಣಿಕರನ್ನು ವಿಸರ್ಜಿಸುತ್ತದೆ. ಇದಕ್ಕೆ ಗಮ್ಯನಿಷ್ಠಾ ತಂತ್ರಜ್ಞಾನ ಎಂದು ಹೆಸರು."

ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ವಿಮಾ ಏಜೆಂಟರು "ಗಮ್ಯನಿಷ್ಠೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ರುಚಿ ನೋಡಿದರು. "ಎರಡನೇ ಆವೃತ್ತಿ ಅಂದ್ಮೇಲೆ ಮೊದಲನೇದಕ್ಕಿಂತ ಮೇಲೇ ಇರುತ್ತೆ," ಎಂದರು ವಕೀಲರು. ತಪಾಸಣಾಧಿಕಾರಿ, ಇಷ್ಟು ದೊಡ್ಡ ಮಾತನ್ನು ಮತ್ತೆ ಕೇಳಬೇಕಾದೀತೆಂದು ಹೆದರಿ, ಇದ್ದ ಎಲ್ಲ ಕಾಲಂಗಳಿಗೂ ಒಂದೊಂದು ಗುರುತು ಹಾಕಿ ಸಹಿ ಮಾಡಿದರು. ಅಧ್ಯಕ್ಷರು ಹನಿಗಣ್ಣಾಗಿ ಅದರ ಪಕ್ಕದಲ್ಲಿ ಮೊಹರು ಒತ್ತಿದರು. ಮೇಷ್ಟ್ರಂತೂ ಅಂಕಪಟ್ಟಿಯಲ್ಲಿ ಪೆನ್ನು ಊರಿ, ಆ ವಿಷಯದಲ್ಲಿ ಇದುವರೆಗೆ ಯಾರಿಗೂ ಕೊಡದ ಅಂಕವನ್ನು ಬರೆಯುವ ಸನ್ನಾಹದಲ್ಲಿದ್ದರು.

ಹಗ್ಗ ಬಿಚ್ಚಿದರು. ಗುಂಡಿ ಒತ್ತಿದರು. ಲಿಫ್ಟು ಬಂದು ಬಾಗಿಲು ತೆರೆಯಿತು.

"ಬಾ ಅಜ್ಜಿ," ಎಂದರು ಇಂಜಿನಿಯರ್ರು, ಗೆದ್ದ ಖುಷಿಯಲ್ಲಿ.

ಅಜ್ಜಿ ಮನೆಯ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನಾನೊಲ್ಲೆ."

"ಯಾಕಜ್ಜಿ?"

"ಸ್ತಂಭನ ಅಂದೆ. ವಿಸರ್ಜಿಸುತ್ತೆ ಅಂದೆ. ಯಾರನ್ನೋ ವಿಸರ್ಜಿಸೋದು? ಕೆಟ್ಟ ಲಿಫ್ಟೇ ವಾಸಿ ಇತ್ತು, ಅದಕ್ಕೆ ಇಂಥ ಹೆಸರೆಲ್ಲ ಇರ್ಲಿಲ್ಲ. ನನಗೆ ಬೆಂಚೂ ಬೇಡ, ಏನೂ ಬೇಡ." ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಹುಡುಗನಿಗೆ ಅದು ತಮಾಷೆಯ ಭಯವಲ್ಲವೆಂದು ತಿಳಿಯಿತು.

ಅವನು ಸುತ್ತ ನೋಡಿದ. ಅಧಿಕಾರಿಯ ಫಾರಂ ಮೇಲೆ ಸಹಿ ಇನ್ನೂ ಒಣಗಿರಲಿಲ್ಲ. ಮೇಷ್ಟ್ರ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. ಒಂದೇ ಒಂದು ಮಾತು ಸರಳವಾಗಿ ಆಡಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅಜ್ಜಿಯ ಹತ್ತಿರ ಹೋಗಿ, ಚೌಕಟ್ಟಿನಿಂದ ಅವಳ ಕೈ ಬಿಡಿಸಿ ಹಿಡಿದುಕೊಂಡ.

"ಕೆಟ್ಟಿತ್ತು ಅಜ್ಜಿ. ರಿಪೇರಿ ಮಾಡಿಸಿದೀನಿ. ಸೊನ್ನೆ ಒತ್ತಿದ್ರೆ ಕೆಳಗೆ ಹೋಗುತ್ತೆ."

"ಅಷ್ಟೇನಾ?"

"ಅಷ್ಟೇ."

"ಮತ್ತೆ ಅಷ್ಟೊತ್ತಿನಿಂದ ಬೊಗಳಿದ್ದು?"

ಅಜ್ಜಿ ಬಿಚ್ಚಿಟ್ಟ ಚಪ್ಪಲಿ ಮತ್ತೆ ಮೆಟ್ಟಿ, ಕುಂಟುತ್ತ ಲಿಫ್ಟಿನೊಳಗೆ ಹೋದಳು. ಅವಳು ಒಳಗೆ ಹೋದದ್ದೇ ತಡ, ತಪಾಸಣಾಧಿಕಾರಿ ಮುಂದೆ ಬಂದು, "ಹೀಗೆ ಮೊದಲೇ ಹೇಳ್ಬಾರ್ದಾ? ನಾನೂ ಮೆಟ್ಟಿಲಲ್ಲೇ ಇಳಿಯೋಣ ಅಂತಿದ್ದೆ," ಎನ್ನುತ್ತ ನುಗ್ಗಿದರು. ಹಿಂದೆಯೇ ಅಧ್ಯಕ್ಷರು, ವಕೀಲರು, ಏಜೆಂಟರು. ಅಷ್ಟು ಹೊತ್ತು ಒಬ್ಬರೂ ಆ ತೆರೆದ ಬಾಗಿಲೊಳಗೆ ಕಾಲಿಟ್ಟಿರಲಿಲ್ಲ ಎಂಬುದು ಇಂಜಿನಿಯರ್ರಿಗೆ ಆಗ ಹೊಳೆಯಿತು. "ಮಂಡಿ ಸರಿ ಇರೋರೆಲ್ಲ ಈಚೆ ನಡೀರಿ," ಎಂದು ಅಜ್ಜಿ ಎಲ್ಲರನ್ನೂ ಹೊರಗಟ್ಟಿ, ಮೊಮ್ಮಗನಿಗೂ ಕಾಯದೆ ಸೊನ್ನೆ ಒತ್ತಿದಳು. ಬಾಗಿಲು ಮುಚ್ಚಿತು.

ಮೇಷ್ಟ್ರು ಮಾತ್ರ ನಿಂತಲ್ಲೇ ಇದ್ದರು.

"ಮೊದಲಿನ ಭಾಷಣ ಅದ್ಭುತವಾಗಿತ್ತು ಕಣಯ್ಯಾ. ಒಂದು ಪದ ಅರ್ಥ ಆಗಲಿಲ್ಲ. ಕಡೇಲಿ ಆಡಿದ ಆ ಮೂರು ವಾಕ್ಯ ಇದೆಯಲ್ಲ, ಅದು ಎಲ್ಲರಿಗೂ ಅರ್ಥ ಆಯ್ತು. ಈಗ ನಾನೇನು ಮಾಡ್ಲಿ?"

"ಅದು ಅಜ್ಜಿಗೆ ಹೇಳಿದ್ದು ಸರ್."

"ನಾನೂ ಇಲ್ಲೇ ಇದ್ನಲ್ಲಪ್ಪಾ," ಎಂದು ನಿಟ್ಟುಸಿರು ಬಿಟ್ಟು ಅಂಕಪಟ್ಟಿಯಲ್ಲಿ ಬರೆದರು. ಏನು ಬರೆದರೆಂದು ಇಣುಕಿ ನೋಡುವ ಅಗತ್ಯವಿರಲಿಲ್ಲ. ಮೇಷ್ಟ್ರು ಅಂಕಪಟ್ಟಿ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋಗಿ ಲಿಫ್ಟಿನ ಗುಂಡಿ ಒತ್ತಿ ಕಾಯುತ್ತ ನಿಂತರು.

ಇನ್ನೊಂದು ವರ್ಷ ಕಾಲೇಜಿನ ಅದೇ ಬೆಂಚಿನ ಮೇಲೆ ಕೂರಬೇಕಲ್ಲ ಎಂಬ ದುಃಖದಲ್ಲಿ ಇಂಜಿನಿಯರ್ರು ಮೆಟ್ಟಿಲು ಇಳಿದು ಕೆಳಗೆ ಬಂದರು. ಕಲ್ಲುಬೆಂಚಿನ ಮೇಲೆ ಇಬ್ಬರು ಮುದುಕಿಯರೂ ಕುಳಿತಾಗಿತ್ತು. ಗೆಳತಿ ಅಜ್ಜಿಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು. ಅಜ್ಜಿ ಅವಳ ಕಿವಿಗೆ ಬಾಯಿ ಹತ್ತಿರ ತಂದು ಏನೋ ಹೇಳುತ್ತಿದ್ದಳು. ನಾಲ್ಕೇ ಹೆಜ್ಜೆ ಆಚೆ ನಿಂತರೂ ಅವನಿಗೆ ಒಂದಕ್ಷರ ಕೇಳಿಸಲಿಲ್ಲ. ನಡುವೆ ಇಬ್ಬರೂ ಒಟ್ಟಿಗೆ ನಕ್ಕರು.

"ಅಜ್ಜೀ, ನಾನು ಮತ್ತೆ ಫೇಲು," ಎಂದ.

ಅಜ್ಜಿ ಅವನತ್ತ ತಿರುಗಿ ಬೆಂಚಿನ ಮೇಲೆ ಕೊಂಚ ಸರಿದಳು. ಕೂರಿಸಿಕೊಂಡು ಸಮಾಧಾನ ಮಾಡುತ್ತಾಳೆಂದು ಅವನು ಮುಂದೆ ಬಂದ. ಅವಳು ಸರಿದದ್ದು ಗೆಳತಿಗೆ ಇನ್ನೂ ಹತ್ತಿರವಾಗಲು.

"ಆಮೇಲೆ ಹೇಳುವಂತೆ ಕಣೋ. ಈಗ ಮೇಲೆ ಹೋಗು, ನಾವು ಸ್ವಲ್ಪ ಮಾತಾಡ್ಬೇಕು."